ಬಾಗಿದ್ದು ಒಬ್ಬನಿಗೇ: ಪಂಡಿತಾ ರಮಾಬಾಯಿ

ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಜಾಗ ಗಂಗಾಮೂಲ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರೆದೂ ಇದ್ದೇವೆ. ಆದರೆ ಅದೇ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ಒಂದು ಹೆಣ್ಣುಮಗು ಹುಟ್ಟಿತು, ಮುಂದೆ ಆಕೆಯ ಹೆಸರು ಕಲ್ಕತ್ತ, ಲಂಡನ್, ಬಾಸ್ಟನ್‌ವರೆಗೂ ಹೋಯಿತು ಎಂಬುದು ನಮ್ಮ ಪಾಠದಲ್ಲಿ ಇರಲಿಲ್ಲ. ಆ ಮಗುವೇ ಪಂಡಿತಾ ರಮಾಬಾಯಿ.

ರಮಾಬಾಯಿಯವರನ್ನು ಹೆಚ್ಚಿನವರು ಸಮಾಜ ಸುಧಾರಕಿ ಎಂದು ಮಾತ್ರ ಬಲ್ಲರು. ವಿಧವೆಯರಿಗೆ ಶಾಲೆ ಕಟ್ಟಿದವರು, ಮಹಿಳಾ ಶಿಕ್ಷಣಕ್ಕೆ ದುಡಿದವರು ಎಂದು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಆದರೆ ಅವರ ಬದುಕಿನ ಉದ್ದಕ್ಕೂ ಇನ್ನೊಂದು ಹೋರಾಟ ನಡೆದಿತ್ತು. ನಾನು ಯಾರು, ಯಾರ ಮುಂದೆ ತಲೆ ಬಾಗಬೇಕು, ಯಾರ ಮುಂದೆ ಬಾಗಬಾರದು ಎಂಬ ಪ್ರಶ್ನೆಯ ಹೋರಾಟ ಅದು. ಪ್ರೊಫೈಲಿನ ಬಯೋದಲ್ಲಿ ನಾಲ್ಕು ಪದದಲ್ಲಿ ನಮ್ಮನ್ನು ನಾವು ಹೇಳಿಕೊಳ್ಳುವ ಈ ಕಾಲದಲ್ಲಿ ಆ ಪ್ರಶ್ನೆ ನಮಗೂ ಹತ್ತಿರದ್ದೇ.

ತಲೆಯ ಮೇಲಿನ ಬುಟ್ಟಿಯಲ್ಲಿ

ರಮಾಬಾಯಿಯ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣರು. ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಪುಣೆಯಲ್ಲಿ ಓದುತ್ತಿದ್ದಾಗ ತಮ್ಮ ಗುರುಗಳು ಪೇಶ್ವೆಯ ರಾಣಿಗೆ ಸಂಸ್ಕೃತ ಹೇಳಿಕೊಡುವುದನ್ನು ಅವರು ಕಂಡಿದ್ದರು. ಹೆಂಗಸರೂ ಸಂಸ್ಕೃತ ಕಲಿಯಬಹುದಲ್ಲ ಎಂಬ ಆಶ್ಚರ್ಯ ಅವರನ್ನು ಬಿಡಲಿಲ್ಲ. ಮುಂದೆ ಅವರು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸತೊಡಗಿದರು. ಊರಿನವರು ಸುಮ್ಮನಿರಲಿಲ್ಲ. ಶಾಸ್ತ್ರಿಗಳು ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು, ಹೆಂಗಸಿಗೆ ಸಂಸ್ಕೃತ ಕಲಿಸುವುದು ಶಾಸ್ತ್ರಕ್ಕೆ ವಿರುದ್ಧವಲ್ಲ ಎಂದು ಶಾಸ್ತ್ರಗಳಿಂದಲೇ ಸಮರ್ಥಿಸಬೇಕಾಯಿತು. ಅಲ್ಲಿ ಗೆದ್ದರೂ ಊರಿನ ಮನಸ್ಸು ಬದಲಾಗಲಿಲ್ಲ. ಕೊನೆಗೆ ಊರೇ ಬೇಡವೆಂದು ಹೆಂಡತಿಯೊಂದಿಗೆ ಗಂಗಾಮೂಲದ ಕಾಡಿಗೆ ಹೋಗಿ ಮನೆ ಕಟ್ಟಿದರು. ಅಲ್ಲಿ ವಿದ್ಯಾರ್ಥಿಗಳು ಬಂದರು, ಯಾತ್ರಿಕರು ಬಂದರು. ಬಂದವರಿಗೆಲ್ಲ ಊಟ ಹಾಕಿ ಹಾಕಿ ಕುಟುಂಬ ಸಾಲಕ್ಕೆ ಬಿತ್ತು.

ಹೀಗಾಗಿ ರಮಾ ಹುಟ್ಟಿ ಕೆಲವೇ ತಿಂಗಳಲ್ಲಿ ಮನೆಯವರೆಲ್ಲ ತೀರ್ಥಯಾತ್ರೆಗೆ ಹೊರಟರು. ಮಗುವನ್ನು ಬುಟ್ಟಿಯಲ್ಲಿ ಮಲಗಿಸಿ, ತಲೆಯ ಮೇಲೆ ಹೊತ್ತು ಘಟ್ಟ ಇಳಿಸಿದರಂತೆ. ಆ ಯಾತ್ರೆ ಮತ್ತೆ ನಿಲ್ಲಲಿಲ್ಲ. ಊರಿಂದ ಊರಿಗೆ ನಡೆಯುವುದು, ದೇವಸ್ಥಾನದಲ್ಲೋ ನದಿ ದಡದಲ್ಲೋ ಕುಳಿತು ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಬದುಕುವುದು. ರಮಾಗೆ ತಾಯಿಯೇ ಗುರು. ಬೆಳಗಿನ ಜಾವ ಎಬ್ಬಿಸಿ ತಾಯಿ ಪಾಠ ಹೇಳುತ್ತಿದ್ದರು. ಹನ್ನೆರಡು ವರ್ಷ ತುಂಬುವ ಹೊತ್ತಿಗೆ ಭಾಗವತದ 18,000 ಶ್ಲೋಕ ಬಾಯಿಗೆ ಬರುತ್ತಿತ್ತು ಎಂದು ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಮನೆಮಾತು ಮರಾಠಿ. ಅದರ ಜೊತೆಗೆ ಕನ್ನಡ, ಹಿಂದಿ, ಮುಂದೆ ಬಂಗಾಳಿ ಎಲ್ಲವೂ ದಾರಿಯಲ್ಲೇ ಕಲಿತ ಭಾಷೆಗಳು.

1870ರ ದಶಕದಲ್ಲಿ ದಕ್ಷಿಣ ಭಾರತಕ್ಕೆ ಭೀಕರ ಕ್ಷಾಮ ಬಂತು. ಜನರಿಗೇ ಅನ್ನ ಇಲ್ಲದಾಗ ಪುರಾಣ ಕೇಳುವವರು ಯಾರು? ಪುರಾಣ ಓದುವುದು ಬಿಟ್ಟು ಬೇರೆ ದುಡಿಮೆ ಆ ಕುಟುಂಬಕ್ಕೆ ಗೊತ್ತಿರಲಿಲ್ಲ. ಕೂಲಿ ಮಾಡಲು ಜಾತಿಯ ಅಭಿಮಾನ ಬಿಡಲಿಲ್ಲ, ಬೇಡಲು ನಾಚಿಕೆ ಬಿಡಲಿಲ್ಲ. ಕೈಯಲ್ಲಿದ್ದುದೆಲ್ಲ ಪೂಜೆಗೆ, ದಾನಕ್ಕೆ ಕರಗಿತು. ಮೊದಲು ತಂದೆ ಹೋದರು, ಸ್ವಲ್ಪ ದಿನದಲ್ಲೇ ತಾಯಿ, ಆಮೇಲೆ ಅಕ್ಕ. ತಾಯಿ ತೀರಿಕೊಂಡಾಗ ಹೆಣ ಹೊರಲು ಜನ ಸಿಗಲಿಲ್ಲ. ಕೊನೆಗೆ ಇಬ್ಬರು ಬ್ರಾಹ್ಮಣರು ಮರುಗಿ ಬಂದರು. ಅಣ್ಣ ಶ್ರೀನಿವಾಸ ಮತ್ತು ರಮಾ ಅವರ ಜೊತೆ ಹೆಗಲು ಕೊಟ್ಟರು. ಉಳಿದವರಷ್ಟು ಎತ್ತರ ಇಲ್ಲದ ರಮಾ ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಇಟ್ಟುಕೊಂಡು ಸುಮಾರು ಮೂರು ಮೈಲಿ ನಡೆದಳು. ಯಾವ ತಾಯಿ ಮಗಳಿಗೆ ಸಂಸ್ಕೃತ ಕಲಿಸಿದಳೋ ಆ ತಾಯಿಯನ್ನು ಮಗಳು ಹೀಗೆ ಸುಡುಗಾಡಿಗೆ ಕೊಂಡೊಯ್ದಳು.

ಅಣ್ಣ ತಂಗಿ ಇಬ್ಬರೇ ಉಳಿದರು. ಸಾವಿರಾರು ಮೈಲಿ ನಡೆದರು. ಉತ್ತರದ ಚಳಿಯಲ್ಲಿ ಹೊದೆಯಲು ಏನೂ ಇಲ್ಲದೆ ಝೀಲಂ ನದಿಯ ದಡದಲ್ಲಿ ಮರಳು ತೋಡಿ, ಕತ್ತಿನವರೆಗೆ ಮರಳು ಮುಚ್ಚಿಕೊಂಡು ರಾತ್ರಿ ಕಳೆದದ್ದೂ ಉಂಟು. ಹೇಳಿದ ವ್ರತಗಳನ್ನೆಲ್ಲ ಮಾಡಿದರೂ ದೇವರು ಕಾಣಲಿಲ್ಲವಲ್ಲ ಎಂಬ ಸಂಶಯ ಇಬ್ಬರಲ್ಲೂ ಬೆಳೆಯಿತು. 1878ರಲ್ಲಿ ಕಲ್ಕತ್ತ ತಲುಪಿದಾಗ ರಮಾಬಾಯಿಗೆ ಇಪ್ಪತ್ತು ವರ್ಷ.

ಬಿರುದು ಬಂತು, ಉತ್ತರ ಬರಲಿಲ್ಲ

ಕಲ್ಕತ್ತದ ವಿದ್ವಾಂಸರು ಈ ಹುಡುಗಿಯ ಸಂಸ್ಕೃತ ಕೇಳಿ ಬೆರಗಾದರು. ಪರೀಕ್ಷಿಸಿ ನೋಡಿ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. ನಿನ್ನೆಯವರೆಗೆ ತುತ್ತು ಅನ್ನಕ್ಕೆ ಪರದಾಡಿದವಳನ್ನು ಇಂದು ಸಭೆಗಳಿಗೆ ಕರೆದೊಯ್ಯತೊಡಗಿದರು. ಸಾಮಾನ್ಯರಾಗಿದ್ದರೆ ಇಲ್ಲಿಗೆ ಕತೆ ಮುಗಿದು, ಸನ್ಮಾನದ ಶಾಲಿನ ಕತೆ ಶುರುವಾಗುತ್ತಿತ್ತು. ರಮಾಬಾಯಿಗೆ ಹಾಗಾಗಲಿಲ್ಲ.

ಹೆಂಗಸರಿಗೆ ಅವರ ಧರ್ಮವನ್ನು ಬೋಧಿಸಬೇಕೆಂದು ಅವರನ್ನು ಕೇಳಿಕೊಂಡಾಗ ಅವರು ಧರ್ಮಶಾಸ್ತ್ರಗಳನ್ನು ಓದಲು ಕುಳಿತರು. ಬ್ರಹ್ಮ ಸಮಾಜದ ಕೇಶವಚಂದ್ರ ಸೇನರು ವೇದದ ಪ್ರತಿಯನ್ನೂ ಕೈಗಿತ್ತರು. ಓದುತ್ತಾ ಹೋದಂತೆ ರಮಾಬಾಯಿಗೆ ಒಂದು ವಿಷಯ ಚುಚ್ಚಿತು. ನೂರು ವಿಷಯಗಳಲ್ಲಿ ಒಂದಕ್ಕೊಂದು ಒಪ್ಪದ ಗ್ರಂಥಗಳು ಹೆಂಗಸರ ಮತ್ತು ಶೂದ್ರರ ವಿಷಯ ಬಂದಾಗ ಮಾತ್ರ ಒಂದೇ ದನಿಯಲ್ಲಿ ಮಾತಾಡುತ್ತಿವೆ ಎಂದು ಅವರಿಗೆ ಕಂಡಿತು. ಸರಸ್ವತಿ ಎಂದು ಕರೆಸಿಕೊಂಡವಳಿಗೆ ಹೆಂಗಸಾಗಿ ಮೋಕ್ಷದ ನೇರ ದಾರಿ ಇಲ್ಲ!

ಕಲ್ಕತ್ತದಲ್ಲೇ ಅವರು ಮೊದಲ ಬಾರಿ ಕ್ರೈಸ್ತರ ಒಂದು ಕೂಟಕ್ಕೆ ಹೋದದ್ದು. ಅಲ್ಲಿ ಎಲ್ಲರೂ ಕುರ್ಚಿಯ ಮುಂದೆ ಮಂಡಿಯೂರಿ ಕಣ್ಣು ಮುಚ್ಚಿ ಏನೋ ಹೇಳುತ್ತಿದ್ದರು. ಇವರು ಕುರ್ಚಿಯನ್ನೇ ಪೂಜಿಸುತ್ತಾರೆ ಎಂದುಕೊಂಡರಂತೆ ಅಣ್ಣ ತಂಗಿ. ಸಂಸ್ಕೃತದ ಬೈಬಲನ್ನೂ ಕೊಟ್ಟರು. ಆದರೆ ಅದರ ಭಾಷೆ ಈ ಪಂಡಿತೆಗೇ ರುಚಿಸಲಿಲ್ಲ.

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಪ್ರಾಂತ್ಯ ಬೇರೆ, ಜಾತಿ ಬೇರೆ, ಮದುವೆ ರಿಜಿಸ್ಟರ್. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. ಸಿಲ್ಚಾರ್‌ನಲ್ಲಿದ್ದಾಗ ಗಂಡನ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಸಿಕ್ಕಿತು. ಅಲ್ಲಿನ ಒಬ್ಬ ಮಿಷನರಿ ಅದನ್ನು ವಿವರಿಸಿದರು. ಹೆಂಡತಿ ಕ್ರೈಸ್ತ ಧರ್ಮದ ಕಡೆ ವಾಲುವುದು ಬಿಪಿನ್ ಅವರಿಗೆ ಇಷ್ಟವಾಗಲಿಲ್ಲ. ಆ ಮಾತು ಅಲ್ಲೇ ನಿಂತಿತು, ಏಕೆಂದರೆ 1882ರ ಫೆಬ್ರುವರಿಯಲ್ಲಿ ಕಾಲರಾ ಬಂದು ಬಿಪಿನ್ ಹೋದರು. ಇಪ್ಪತ್ತಮೂರು ವರ್ಷದ ವಿಧವೆ, ಕಂಕುಳಲ್ಲಿ ಒಂದು ವರ್ಷವೂ ತುಂಬದ ಕೂಸು.

ಅದೇ ವರ್ಷ ರಮಾಬಾಯಿ ಪುಣೆಗೆ ಬಂದರು. ಆರ್ಯ ಮಹಿಳಾ ಸಮಾಜ ಕಟ್ಟಿದರು. ಸ್ತ್ರೀಧರ್ಮ ನೀತಿ ಎಂಬ ಮರಾಠಿ ಪುಸ್ತಕ ಬರೆದರು. ಸರ್ಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ಹೇಳಿ, ಹೆಣ್ಣುಮಕ್ಕಳಿಗೆ ಶಿಕ್ಷಕಿಯರು ಬೇಕು, ವೈದ್ಯೆಯರು ಬೇಕು ಎಂದು ಒತ್ತಾಯಿಸಿದರು. ತಾವೇ ವೈದ್ಯಕೀಯ ಓದಬೇಕೆಂಬ ಆಸೆಯಿಂದ 1883ರಲ್ಲಿ ಪುಟ್ಟ ಮಗಳನ್ನೂ ಗೆಳತಿ ಆನಂದಿಬಾಯಿ ಭಗತ್ ಅವರನ್ನೂ ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದರು. ಹೊರಡುವಾಗ ಮತಾಂತರದ ವಿಚಾರ ತಮಗಿಲ್ಲ ಎಂದೇ ತಿಳಿಸಿದ್ದರು.

ನಂಬಿದರು, ಆದರೆ ಒಪ್ಪಿಸಿಕೊಳ್ಳಲಿಲ್ಲ

ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನಲ್ಲಿ ಆಂಗ್ಲಿಕನ್ ಸನ್ಯಾಸಿನಿಯರ ಮಠವೊಂದಿತ್ತು. ಆಶ್ರಯ ಸಿಕ್ಕಿದ್ದು ಅಲ್ಲಿ. ಕಿವಿ ಮಂದವಾಗುತ್ತಾ ಬಂದದ್ದರಿಂದ ಡಾಕ್ಟರಾಗುವ ಕನಸು ಮುರಿಯಿತು. ಆದರೆ ಬೇರೊಂದು ಬಾಗಿಲು ತೆರೆಯಿತು. ಲಂಡನ್ನಿನ ಫುಲ್‌ಹ್ಯಾಂನಲ್ಲಿ ಆ ಸನ್ಯಾಸಿನಿಯರು ಸಮಾಜ ಕೆಟ್ಟವರೆಂದು ಹೊರಗೆ ತಳ್ಳಿದ ಹೆಂಗಸರನ್ನು ಇಟ್ಟುಕೊಂಡು ಸಲಹುತ್ತಿದ್ದರು. ದಾರಿ ತಪ್ಪಿದ ಹೆಣ್ಣಿಗೆ ಶಿಕ್ಷೆ ಕೊಡುವುದನ್ನು ಓದಿದ್ದ ರಮಾಬಾಯಿ, ಅಂಥವಳನ್ನು ಪ್ರೀತಿಯಿಂದ ಎತ್ತಿ ನಿಲ್ಲಿಸುವುದನ್ನು ಕಂಡದ್ದು ಅದೇ ಮೊದಲು. ಇದೇಕೆ ಹೀಗೆ ಎಂದು ಕೇಳಿದಾಗ ಸನ್ಯಾಸಿನಿಯೊಬ್ಬರು ಯೇಸು ಸಮಾರ್ಯದ ಹೆಂಗಸಿನೊಡನೆ ಬಾವಿಯ ಬಳಿ ಮಾತಾಡಿದ ಪ್ರಸಂಗವನ್ನು ಓದಿ ಹೇಳಿದರು. ಜಾತಿ ಬೇರೆಯಾದ, ನಡತೆಯ ಬಗ್ಗೆ ಊರು ಆಡಿಕೊಳ್ಳುವ ಹೆಂಗಸಿನ ಬಳಿ ದೇವರ ಮಗನೇ ಕುಡಿಯಲು ನೀರು ಕೇಳಿದ ಕತೆ ಅದು. ಅದು ರಮಾಬಾಯಿಯ ಮನಸ್ಸಿಗೆ ನಾಟಿತು.

ಈ ನಡುವೆ ಆನಂದಿಬಾಯಿ ಭಗತ್ ಮಾನಸಿಕ ಕ್ಷೋಭೆಗೆ ಒಳಗಾಗಿ ಪ್ರಾಣ ಕಳೆದುಕೊಂಡರು. ಆ ಆಘಾತದ ನಂತರ, 1883ರ ಸೆಪ್ಟೆಂಬರ್ 29ರಂದು ರಮಾಬಾಯಿ ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು. ಸುದ್ದಿ ಭಾರತ ಮುಟ್ಟಿದಾಗ ಪುಣೆ ಸಿಡಿಯಿತು. ನಮ್ಮ ಸರಸ್ವತಿ ನಮ್ಮನ್ನು ಬಿಟ್ಟು ಹೋದಳು ಎಂಬ ನೋವು ಸುಧಾರಕರಿಗೂ ಇತ್ತು.

ಮಠದವರು ಇನ್ನು ಎಲ್ಲ ಸಲೀಸು ಎಂದುಕೊಂಡಿರಬೇಕು. ನಿಜವಾದ ಜಗಳ ಶುರುವಾದದ್ದೇ ಆಮೇಲೆ. ರಮಾಬಾಯಿ ಮಾಂಸ ತಿನ್ನಲೊಲ್ಲೆ ಎಂದರು. ಅದು ಹಳೆಯ ಜಾತಿಯ ಹೆಮ್ಮೆ, ಅದನ್ನು ಬಿಡದ ಹೊರತು ವಿನಯ ಬಂದಂತಾಗಲಿಲ್ಲ ಎಂದು ಸಿಸ್ಟರ್ ಜೆರಾಲ್ಡೀನ್ ಭಾವಿಸಿದರು. ತನ್ನ ಊಟ ತನ್ನ ಇಷ್ಟ, ಅದಕ್ಕೂ ನಂಬಿಕೆಗೂ ಸಂಬಂಧವಿಲ್ಲ ಎಂಬುದು ರಮಾಬಾಯಿಯ ನಿಲುವು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳಿದ್ದುದಕ್ಕೂ ಅವರು ತಕರಾರು ತೆಗೆದರು. ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿಲ್ಲದ ಲ್ಯಾಟಿನ್ ಪವಿತ್ರವಾಗಿ, ನಮ್ಮ ಸಂಸ್ಕೃತ ಯಾಕೆ ಆಗಬಾರದು ಎಂಬುದು ಅವರ ಪ್ರಶ್ನೆ. ತ್ರಿತ್ವದಂಥ ಸಿದ್ಧಾಂತಗಳನ್ನು ಬೈಬಲಿನಲ್ಲಿ ತೋರಿಸಿದರೆ ಒಪ್ಪುತ್ತೇನೆ, ಚರ್ಚು ಹೇಳಿತೆಂಬ ಕಾರಣಕ್ಕೆ ಒಪ್ಪಲಾರೆ ಎಂದರು. ಮಗಳಿಗೆ ಏನನ್ನು ಕಲಿಸಬೇಕೆಂಬುದನ್ನು ತಾಯಿಯಾಗಿ ತಾನೇ ತೀರ್ಮಾನಿಸುತ್ತೇನೆ ಎಂದೂ ಹಟ ಹಿಡಿದರು. ಚೆಲ್ಟನ್‌ಹ್ಯಾಂನ ಮಹಿಳಾ ಕಾಲೇಜಿನಲ್ಲಿ ಅವರು ಗಂಡು ವಿದ್ಯಾರ್ಥಿಗಳಿಗೂ ಪಾಠ ಹೇಳುವ ಮಾತು ಬಂದಾಗ ಬಿಷಪ್ಪರು ಅಡ್ಡ ಬಂದರು. ಭಾರತದ ತುಂಬ ಗಂಡಸರ ಸಭೆಗಳಲ್ಲಿ ಮಾತಾಡಿ ಬಂದವರಿಗೆ ಇದು ವಿಚಿತ್ರವಾಗಿ ಕಂಡಿತು.

ಆ ಕಾಲದ ಪತ್ರಗಳಲ್ಲಿ ಮಠದವರು ಮತ್ತೆ ಮತ್ತೆ ರಮಾಬಾಯಿಯ ಅಹಂಕಾರದ ಬಗ್ಗೆ ದೂರಿದ್ದಾರೆ. ಇಲ್ಲೇ ನಾವು ಸ್ವಲ್ಪ ನಿಂತು ಯೋಚಿಸಬೇಕು. ವಿನಯ ಎಂದರೆ ಏನು?

ಕ್ರೈಸ್ತ ಧರ್ಮದಲ್ಲಿ ವಿನಯಕ್ಕೆ ದೊಡ್ಡ ಜಾಗವಿದೆ. ಯೇಸು ಊಟದ ಹೊತ್ತಿನಲ್ಲಿ ಎದ್ದು ಶಿಷ್ಯರ ಕಾಲು ತೊಳೆದ ಪ್ರಸಂಗ ಅಲ್ಲಿದೆ. ತನ್ನ ಪುಣ್ಯಕಾರ್ಯಗಳ ಪಟ್ಟಿ ಒಪ್ಪಿಸಿದ ಫರಿಸಾಯನಿಗಿಂತ, ಎದೆ ಬಡಿದುಕೊಂಡು ಕರುಣೆ ಬೇಡಿದ ಸುಂಕದವನೇ ದೇವರಿಗೆ ಮೆಚ್ಚಿಗೆಯಾದ ಎಂಬ ಸಾಮತಿ ಲೂಕನ ಸುವಾರ್ತೆಯಲ್ಲೇ ಇದೆ. ದೇವರ ಸಮನಾಗಿದ್ದ ಕ್ರಿಸ್ತ ತನ್ನನ್ನು ಬರಿದು ಮಾಡಿಕೊಂಡು ದಾಸನ ರೂಪ ತಾಳಿದ ಎಂದು ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರ ಹೇಳುತ್ತದೆ. ಮನುಷ್ಯ ಮಣ್ಣಿನಿಂದಾದವನು, ಅವನಲ್ಲಿರುವುದೆಲ್ಲ ಕೊಟ್ಟದ್ದು, ಗಳಿಸಿದ್ದಲ್ಲ ಎಂಬುದು ಅದರ ತಿರುಳು. ಆದರೆ ಅದೇ ಧರ್ಮ ಇನ್ನೊಂದು ಮಾತನ್ನೂ ಹೇಳುತ್ತದೆ. ಮನುಷ್ಯ ದೇವರ ಹೋಲಿಕೆಯಲ್ಲಿ ಸೃಷ್ಟಿಯಾದವನು, ನಂಬಿದವನು ದೇವರ ಮಗು. ಈ ಎರಡೂ ಒಟ್ಟಿಗೆ ಇರಬೇಕು. ಮೊದಲನೆಯದು ಮಾತ್ರ ಇದ್ದರೆ ಯಾರು ಬೇಕಾದರೂ ನಮ್ಮನ್ನು ತುಳಿಯಬಹುದು. ಎರಡನೆಯದು ಮಾತ್ರ ಇದ್ದರೆ ನಾವು ಇತರರನ್ನು ತುಳಿಯಬಹುದು.

ರಮಾಬಾಯಿಯ ಬದುಕನ್ನು ಓದುವಾಗ ಕಾಣುವುದು ಇದೇ. ದೇವರ ಮುಂದೆ ಬಾಗುವುದಕ್ಕೂ ದೇವರ ಹೆಸರು ಹೇಳುವವರ ಮುಂದೆ ಬಾಗುವುದಕ್ಕೂ ವ್ಯತ್ಯಾಸವಿದೆ ಎಂದು ಅವರು ಕಂಡುಕೊಂಡಿದ್ದರು. ಹಿಂದೆ ಪುರೋಹಿತರಿಗೆ ಕೇಳಿದ ಪ್ರಶ್ನೆಯನ್ನು ಅವರು ಬಿಷಪ್ಪರಿಗೂ ಕೇಳಿದರು. ಕ್ರೈಸ್ತಳಾದೆ ಎಂಬ ಕಾರಣಕ್ಕೆ ಇಂಗ್ಲಿಷಿನವಳಾಗಲಿಲ್ಲ. ಹುಟ್ಟಿದ ನಾಡು, ತಾಯಿ ಕಲಿಸಿದ ಭಾಷೆ, ಉಟ್ಟ ಸೀರೆ, ಉಣ್ಣುವ ಅನ್ನ ಯಾವುದೂ ಅವರ ನಂಬಿಕೆಗೆ ಅಡ್ಡಿಯಾಗಲಿಲ್ಲ.

ಶಾರದಾ ಸದನ

1886ರಲ್ಲಿ ಅವರು ಅಮೆರಿಕಕ್ಕೆ ಹೋದರು. ಬಂಧುವಾದ ಆನಂದಿಬಾಯಿ ಜೋಶಿ ಅಲ್ಲಿ ಡಾಕ್ಟರ್ ಪದವಿ ಪಡೆಯುವುದನ್ನು ನೋಡಲು ಹೋದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಉಳಿದು ಊರೂರು ಸುತ್ತಿ ಭಾಷಣ ಮಾಡಿದರು. ಮೇಲ್ಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯ ಬಗ್ಗೆ 1887ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಬಾಸ್ಟನ್ನಿನಲ್ಲಿ ಅವರ ಹೆಸರಿನ ಸಂಘವೊಂದು ಹುಟ್ಟಿ, ಭಾರತದಲ್ಲಿ ವಿಧವೆಯರ ಶಾಲೆಗೆ ಹತ್ತು ವರ್ಷ ಹಣ ಕೊಡಲು ಒಪ್ಪಿತು.

1889ರ ಮಾರ್ಚ್ 11ರಂದು ಮುಂಬೈಯಲ್ಲಿ ಶಾರದಾ ಸದನ ಆರಂಭವಾಯಿತು. ಮರು ವರ್ಷ ಅದು ಪುಣೆಗೆ ಬಂತು. ಸಲಹಾ ಮಂಡಳಿಯಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಹಿರಿಯರಿದ್ದರು. ಶಾಲೆಯಲ್ಲಿ ಯಾರಿಗೂ ಧರ್ಮ ಬೋಧಿಸುವುದಿಲ್ಲ ಎಂಬುದು ಒಪ್ಪಂದ. ಗ್ರಂಥಾಲಯದಲ್ಲಿ ವೇದವೂ ಇತ್ತು, ಬೈಬಲೂ ಇತ್ತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಗೋದೂಬಾಯಿ ಎಂಬ ಬಾಲವಿಧವೆ ಮುಂದೆ ಮಹರ್ಷಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಕರ್ವೆಯವರು ಕಟ್ಟಿದ ಮಹಿಳಾ ವಿಶ್ವವಿದ್ಯಾಲಯದ ಹೆಸರು ಎಲ್ಲರಿಗೂ ಗೊತ್ತಿದೆ.

ಇದೇ ಸಮಯದಲ್ಲಿ, ಸುಮಾರು 1891ರಲ್ಲಿ, ರಮಾಬಾಯಿಯ ಒಳಗೆ ಒಂದು ಬದಲಾವಣೆಯಾಯಿತು. ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದಿತ್ತು. ಹ್ಯಾಸ್ಲಂ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಕತೆ ಅವರ ಕೈಗೆ ಬಂತು. ವರ್ಷಗಟ್ಟಲೆ ಪಾದ್ರಿಯಾಗಿದ್ದೂ ತನಗೆ ನಿಜವಾದ ನಂಬಿಕೆ ಇರಲಿಲ್ಲ ಎಂದು ಆತ ಅರಿತುಕೊಂಡ ಕತೆ ಅದು. ಓದಿದಾಗ ರಮಾಬಾಯಿಗೆ ತಮ್ಮದೇ ಚಿತ್ರ ಕಂಡಂತಾಯಿತು. ತಾವು ಕ್ರೈಸ್ತ ಧರ್ಮವನ್ನು ಬುದ್ಧಿಯಿಂದ ಪರೀಕ್ಷಿಸಿ, ಉಳಿದವಕ್ಕಿಂತ ಇದು ಮೇಲು ಎಂದು ಆರಿಸಿಕೊಂಡಿದ್ದೆವು, ಆದರೆ ಕ್ರಿಸ್ತನನ್ನು ಪಡೆದಿರಲಿಲ್ಲ ಎಂದು ಅವರಿಗೆ ಅನಿಸಿತು. ತಮ್ಮ ಪಾಂಡಿತ್ಯ, ತಮ್ಮ ಸೇವೆ ಯಾವುದೂ ದೇವರ ಮುಂದೆ ಲೆಕ್ಕಕ್ಕೆ ಬಾರದು, ಬರಿಗೈಯಲ್ಲಿ ನಿಂತು ಕೊಟ್ಟದ್ದನ್ನು ತೆಗೆದುಕೊಳ್ಳಬೇಕು ಎಂಬ ಅರಿವು ಅದು. ಅದನ್ನು ಅವರು ತಮ್ಮ ಜೀವನದ ನಿಜವಾದ ತಿರುವು ಎಂದು ಮುಂದೆ ಬರೆದುಕೊಂಡರು. ಯಾವ ಬಿಷಪ್ಪರಿಗೂ ಬಾಗದ ತಲೆ ಯಾರೂ ಒತ್ತಾಯಿಸದೆ ತಾನೇ ಬಾಗಿದ್ದು ಇಲ್ಲಿ.

ಇದರ ಪರಿಣಾಮ ಶಾರದಾ ಸದನದ ಮೇಲೂ ಆಯಿತು. ಅವರು ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥಿಸುತ್ತಿದ್ದರು. ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರತೊಡಗಿದರು. ಕೆಲವರು ಕ್ರೈಸ್ತರಾಗಲು ಬಯಸಿದರು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ಸಲಹಾ ಮಂಡಳಿಯವರು ರಾಜೀನಾಮೆ ಕೊಟ್ಟು ಹೊರನಡೆದರು. ಹಲವು ತಂದೆತಾಯಿಗಳು ಮಕ್ಕಳನ್ನು ಮನೆಗೆ ಕರೆದೊಯ್ದರು.

ಇದರಲ್ಲಿ ತಪ್ಪು ಯಾರದು? ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ತಾನು ಒತ್ತಾಯ ಮಾಡಿಲ್ಲ, ತನ್ನ ಪ್ರಾರ್ಥನೆಯನ್ನು ಬಚ್ಚಿಡುವುದಿಲ್ಲ, ಹುಡುಗಿಯರ ಆತ್ಮಸಾಕ್ಷಿಗೆ ಬೀಗ ಹಾಕುವುದಿಲ್ಲ ಎಂಬುದು ರಮಾಬಾಯಿಯ ವಾದ. ಧರ್ಮ ಮುಟ್ಟುವುದಿಲ್ಲ ಎಂಬ ಮಾತನ್ನು ನಂಬಿ ಮಕ್ಕಳನ್ನು ಕಳಿಸಿದವರಿಗೆ ಅದು ಮೋಸವೆಂದು ಕಂಡಿತು. ಎಳೆಯ ವಯಸ್ಸಿನ, ಬೇರೆ ಆಸರೆಯಿಲ್ಲದ ಹುಡುಗಿಗೆ ತಾಯಿಯಂತಿರುವವಳ ನಂಬಿಕೆಯೇ ಒಂದು ಒತ್ತಾಯವಾಗಬಹುದು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಹುಡುಗಿಯರಿಗೆ ಬೇರೆ ಆಸರೆ ಇಲ್ಲದಂತೆ ಮಾಡಿದ್ದು ಯಾರು ಎಂಬ ಪ್ರಶ್ನೆಯೂ ಹಾಗೆಯೇ ಉಳಿಯುತ್ತದೆ.

ಕೇಡಗಾಂವದ ಮುಕ್ತಿ

ಪುಣೆಯಿಂದ ಸುಮಾರು 60 ಕಿಲೋಮೀಟರ್ ದೂರದ ಕೇಡಗಾಂವದಲ್ಲಿ ರಮಾಬಾಯಿ ಜಮೀನು ಕೊಂಡಿದ್ದರು. ಶಾಲೆಯ ಖರ್ಚಿಗೆ ಹಣ್ಣಿನ ತೋಟ ಮಾಡುವುದು ಆಗಿನ ಲೆಕ್ಕಾಚಾರ. ಅಷ್ಟರಲ್ಲಿ 1896ರಲ್ಲಿ ಮಧ್ಯಪ್ರಾಂತ್ಯದಲ್ಲಿ ಕ್ಷಾಮ ಬಿತ್ತು. ಕ್ಷಾಮ ಎಂದರೆ ಏನೆಂದು ರಮಾಬಾಯಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಸಿದ ಹುಡುಗಿಯರನ್ನು ಅನ್ನದ ಆಸೆ ತೋರಿಸಿ ಕೊಂಡೊಯ್ಯುವ ದಲ್ಲಾಳಿಗಳೂ ಕ್ಷಾಮದ ಜೊತೆಗೇ ಬರುತ್ತಾರೆಂದು ಅವರಿಗೆ ಗೊತ್ತಿತ್ತು. ತಾವೇ ಹೋಗಿ ಸುಮಾರು 300 ಹುಡುಗಿಯರನ್ನು, ವಿಧವೆಯರನ್ನು ಕರೆತಂದರು. ಕೇಡಗಾಂವದ ತೋಟವೇ ಆಸರೆಯ ಮನೆಯಾಯಿತು. ಅದಕ್ಕೆ ಮುಕ್ತಿ ಎಂದು ಹೆಸರಿಟ್ಟರು. 1900ರ ಗುಜರಾತ್ ಕ್ಷಾಮದ ನಂತರ ಅಲ್ಲಿದ್ದವರ ಸಂಖ್ಯೆ 2,000ದ ಹತ್ತಿರ ಬಂತು.

ಮುಕ್ತಿ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಆದರೆ ಯಾವುದೇ ಒಂದು ಚರ್ಚಿನ ಹಿಡಿತದಲ್ಲಿ ಇರಲಿಲ್ಲ. ನಡೆಸುತ್ತಿದ್ದವರು ಹೆಂಗಸರು. ಜಾತಿ ಕೇಳುತ್ತಿರಲಿಲ್ಲ. ಮೇಲ್ಜಾತಿಯ ವಿಧವೆಯರಿಗೆಂದು ಶುರುವಾದ ಕೆಲಸ ಈಗ ಎಲ್ಲರದಾಗಿತ್ತು. ಮಗ್ಗ ಇತ್ತು, ಗಾಣ ಇತ್ತು, ಹೈನುಗಾರಿಕೆ ಇತ್ತು, ಅಚ್ಚುಕೂಟ ಇತ್ತು. ಊರು ಹೊರಗೆ ಹಾಕಿದ ಹೆಂಗಸರಿಗೆ ಕೃಪಾ ಸದನ ಇತ್ತು. ಫುಲ್‌ಹ್ಯಾಂನಲ್ಲಿ ಕಂಡದ್ದು ಇಲ್ಲಿ ಮರಾಠಿ ನೆಲದಲ್ಲಿ ಬೇರು ಬಿಟ್ಟಿತು. ಕಣ್ಣಿಲ್ಲದವರಿಗೆ ಬ್ರೈಲ್ ಲಿಪಿ ಕಲಿಸುವ ವ್ಯವಸ್ಥೆ ಇತ್ತು. ಅದನ್ನು ಕಲಿತು ಬಂದು ಕಲಿಸಿದವರು ಮಗಳು ಮನೋರಮಾ. ರಮಾಬಾಯಿ ಅವರೆಲ್ಲರ ನಡುವೆ ಒರಟು ಬಿಳಿ ಸೀರೆ ಉಟ್ಟು ಓಡಾಡುತ್ತಿದ್ದರು.

ಬಾಗುವುದು ಎಂದರೆ ಬಾಯಿ ಮುಚ್ಚುವುದು ಎಂದು ಅವರು ಇಲ್ಲಿಯೂ ಒಪ್ಪಲಿಲ್ಲ. 1897ರಲ್ಲಿ ಪುಣೆಗೆ ಪ್ಲೇಗ್ ಬಂದಾಗ ಸರ್ಕಾರಿ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರನ್ನು ನಡೆಸಿಕೊಂಡ ರೀತಿಯನ್ನು ಖಂಡಿಸಿ ಪತ್ರಿಕೆಗೆ ಬರೆದರು. ಆಳುವವರೂ ಕ್ರೈಸ್ತರು, ತಾನೂ ಕ್ರೈಸ್ತಳು ಎಂಬುದು ಅವರ ಕೈ ಕಟ್ಟಲಿಲ್ಲ.

ನಮ್ಮ ನಾಡಿನೊಡನೆ ಅವರ ನಂಟು ಹುಟ್ಟಿನೊಂದಿಗೇ ಮುಗಿಯಲಿಲ್ಲ. 1912ರ ಸುಮಾರಿಗೆ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದರು. ಅದರ ಹೊಣೆ ಹೊತ್ತವರೂ ಮನೋರಮಾ. ಗಂಗಾಮೂಲದಿಂದ ಬುಟ್ಟಿಯಲ್ಲಿ ಹೊರಟ ವಿದ್ಯೆ ಅರ್ಧ ಶತಮಾನ ಕಳೆದು ಕಲಬುರಗಿಯ ಬಿಸಿಲಿಗೆ ಹೀಗೆ ಬಂತು.

ಕೊನೆಯ ಕೆಲಸ

ಕೊನೆಯ ಹದಿನೈದು ಇಪ್ಪತ್ತು ವರ್ಷ ರಮಾಬಾಯಿ ಹೆಚ್ಚಾಗಿ ಒಂದು ಕೆಲಸಕ್ಕೆ ಕೊಟ್ಟುಕೊಂಡರು. ಬೈಬಲನ್ನು ಮೂಲ ಭಾಷೆಗಳಿಂದ ಮರಾಠಿಗೆ ತರುವ ಕೆಲಸ. ಅದಕ್ಕಾಗಿ ನಡುವಯಸ್ಸು ದಾಟಿದ ಮೇಲೆ ಹೀಬ್ರೂ ಮತ್ತು ಗ್ರೀಕ್ ಕಲಿತರು. ಮರಾಠಿಯಲ್ಲಿ ಬೈಬಲ್ ಮೊದಲೇ ಇತ್ತು. ಆದರೆ ಅದು ಸಂಸ್ಕೃತ ಪದಗಳಿಂದ ತುಂಬಿ, ಹಳ್ಳಿಯ ಹೆಂಗಸಿನ ಕಿವಿಗೆ ಇಳಿಯುತ್ತಿರಲಿಲ್ಲ.

ಈ ಮಾತಿನ ಅರ್ಥ ಎಷ್ಟು ದೊಡ್ಡದು ನೋಡಿ. ಸಂಸ್ಕೃತದಲ್ಲಿ ಮಾತಾಡಿ ಕಲ್ಕತ್ತದ ಪಂಡಿತರನ್ನು ಬೆರಗುಗೊಳಿಸಿದ, ಸರಸ್ವತಿ ಎಂದೇ ಬಿರುದು ಪಡೆದ ವಿದುಷಿ, ತನ್ನ ಭಾಷೆಯಿಂದ ಸಂಸ್ಕೃತವನ್ನು ಒಂದೊಂದಾಗಿ ಆರಿಸಿ ತೆಗೆಯಲು ಕುಳಿತರು. ವಾಂಟೇಜ್‌ನಲ್ಲಿ ಲ್ಯಾಟಿನ್ನಿನ ಎದುರು ಸಂಸ್ಕೃತದ ಪರ ನಿಂತವರೂ ಇವರೇ. ಆಗ ಪ್ರಶ್ನೆ ಸ್ವಾಭಿಮಾನದ್ದು, ಈಗ ಓದುವ ಬಡ ಹೆಂಗಸಿನದು. ಯಾವುದನ್ನು ಬಿಷಪ್ಪರು ಕೇಳಿದ್ದರೆ ಕೊಡುತ್ತಿರಲಿಲ್ಲವೋ ಅದನ್ನು ಅಕ್ಷರ ಕಲಿಯುತ್ತಿದ್ದ ಹಳ್ಳಿ ಹೆಂಗಸಿಗಾಗಿ ತಾವಾಗಿಯೇ ಬಿಟ್ಟುಕೊಟ್ಟರು. ಪಾಂಡಿತ್ಯ ತೋರಿಸುವುದಕ್ಕೂ ಪಾಂಡಿತ್ಯ ಬೇಕು, ಬಚ್ಚಿಡುವುದಕ್ಕೆ ಇನ್ನೂ ಹೆಚ್ಚು ಬೇಕು.

ಆ ಪುಸ್ತಕದ ಮೊಳೆ ಜೋಡಿಸಿದವರು, ಅಚ್ಚು ಹಾಕಿದವರು ಮುಕ್ತಿಯ ಹೆಂಗಸರೇ. ಕ್ಷಾಮದಲ್ಲಿ ಸಾಯಬೇಕಿದ್ದ ಹುಡುಗಿಯರು ಹೀಬ್ರೂ, ಗ್ರೀಕ್ ಅಕ್ಷರಗಳ ಮೊಳೆ ಜೋಡಿಸುವುದನ್ನೂ ಕಲಿತರು.

1919ರಲ್ಲಿ ಸರ್ಕಾರ ಕೈಸರ್-ಎ-ಹಿಂದ್ ಪದಕ ಕೊಟ್ಟಿತು. 1921ರ ಜುಲೈಯಲ್ಲಿ ಮಗಳು ಮನೋರಮಾ ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳೆದುಕೊಂಡಿದ್ದ ರಮಾಬಾಯಿಗೆ ಉಳಿದಿದ್ದ ಒಂದೇ ರಕ್ತಸಂಬಂಧ ಅದು. ಸಂಸ್ಥೆಯನ್ನು ಮಗಳ ಕೈಗೆ ಒಪ್ಪಿಸುವ ಯೋಚನೆಯೂ ಅವಳೊಂದಿಗೇ ಹೋಯಿತು. ಆದರೂ ಅನುವಾದದ ಕೆಲಸ ನಿಲ್ಲಿಸಲಿಲ್ಲ. ಅದು ಮುಗಿದ ಸ್ವಲ್ಪ ಕಾಲದಲ್ಲೇ, 1922ರ ಏಪ್ರಿಲ್ 5ರಂದು, ಕೇಡಗಾಂವದಲ್ಲಿ ಕಣ್ಣು ಮುಚ್ಚಿದರು. ಅವರಿಗೆ 64 ತುಂಬಲು ಕೆಲವೇ ದಿನ ಬಾಕಿ ಇತ್ತು. ಮುಕ್ತಿ ಇಂದಿಗೂ ಅಲ್ಲಿ ನಡೆಯುತ್ತಿದೆ. 1989ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ತಂದಿತು.

ನಮಗೇನು?

ರಮಾಬಾಯಿಗೆ ಜನ ಕೊಟ್ಟ ಗುರುತುಗಳ ಪಟ್ಟಿ ಉದ್ದವಿದೆ. ಪಂಡಿತೆ, ಸರಸ್ವತಿ, ವಿಧವೆ, ಧರ್ಮದ್ರೋಹಿ, ಹಟಮಾರಿ, ಸಂತೆ. ಹೊಗಳಿದವರು ಕೊಟ್ಟ ಹೆಸರನ್ನೂ ಅವರು ಹೊತ್ತು ತಿರುಗಲಿಲ್ಲ, ಬೈದವರು ಕೊಟ್ಟ ಹೆಸರಿಗೂ ಕುಗ್ಗಲಿಲ್ಲ. ಏಕೆಂದರೆ ತಾನು ಯಾರು ಎಂಬುದನ್ನು ಅವರು ಇವರಿಬ್ಬರನ್ನೂ ಕೇಳಿ ತಿಳಿದುಕೊಂಡಿರಲಿಲ್ಲ. ದೇವರು ಕರುಣೆಯಿಂದ ಎತ್ತಿಕೊಂಡ ಒಬ್ಬಳು ಎಂಬುದಷ್ಟೇ ಅವರ ಪಾಲಿನ ಗುರುತು. ಅದರಲ್ಲಿ ಜಂಬ ಪಡಲು ಏನೂ ಇಲ್ಲ, ಏಕೆಂದರೆ ಅದು ಗಳಿಸಿದ್ದಲ್ಲ. ಅದನ್ನು ಕಿತ್ತುಕೊಳ್ಳಲೂ ಯಾರಿಂದಲೂ ಆಗದು, ಏಕೆಂದರೆ ಅದು ಮನುಷ್ಯರು ಕೊಟ್ಟದ್ದಲ್ಲ.

ಅವರ ಎಲ್ಲ ನಿಲುವುಗಳನ್ನೂ ನಾವು ಒಪ್ಪಬೇಕಾಗಿಲ್ಲ. ಅವರ ನಂಬಿಕೆಯನ್ನೂ ನಾವು ತಾಳಬೇಕಾಗಿಲ್ಲ. ಆದರೆ ಒಂದು ಮಾತನ್ನು ಯಾವ ಧರ್ಮದವರಾದರೂ, ಯಾವ ಧರ್ಮವೂ ಬೇಡ ಎನ್ನುವವರಾದರೂ ಕೇಳಬಹುದು. ನಮ್ಮ ಸುತ್ತ ವಿನಯದ ಹೆಸರಿನಲ್ಲಿ ತಲೆ ತಗ್ಗಿಸುವವರಿದ್ದಾರೆ, ಸ್ವಾಭಿಮಾನದ ಹೆಸರಿನಲ್ಲಿ ತಲೆ ಎತ್ತಿ ಇನ್ನೊಬ್ಬರನ್ನು ಕಾಣದವರೂ ಇದ್ದಾರೆ. ಮನೆಯಲ್ಲಿ, ಕಾಲೇಜಿನಲ್ಲಿ, ಕೆಲಸದಲ್ಲಿ ಎಲ್ಲಿ ಬಾಗಬೇಕು, ಎಲ್ಲಿ ಬಾಗಬಾರದು ಎಂದು ತಿಳಿಯದೆ ನಾವು ಒದ್ದಾಡುತ್ತೇವೆ. ರಮಾಬಾಯಿ ಅದಕ್ಕೆ ಒಂದು ಅಳತೆಗೋಲು ಬಿಟ್ಟು ಹೋಗಿದ್ದಾರೆ. ಮೇಲೆ ಕುಳಿತವರ ಮುಂದೆ ನೆಟ್ಟಗೆ ನಿಲ್ಲುವುದು, ಕೆಳಗೆ ಬಿದ್ದವರ ಮುಂದೆ ಬಾಗುವುದು. ನಾವು ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತೇವೆ.

ಇನ್ನು ಮುಂದೆ ಗಂಗಾಮೂಲದ ಹೆಸರು ಕೇಳಿದಾಗ ಮೂರು ನದಿಗಳ ಜೊತೆ ಈ ನಾಲ್ಕನೆಯ ಹೆಸರನ್ನೂ ನೆನೆಯೋಣ.